ಹಳೆ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯೇ? ಪ್ಲಗ್ ಬದಲಿಸುವ ಮೊದಲು ಚಕ್ರ ಎತ್ತಿ ನೋಡಿ

ಶಿರಸಿ, ಕುಮಟಾ, ಅಂಕೋಲಾ ಕಡೆ ಮಾರುತಿ 800, ಹಳೆ ಆಲ್ಟೊ, ಸ್ಯಾಂಟ್ರೊ, ವ್ಯಾಗನ್‌ಆರ್ ಈಗಲೂ ಬೇಕಾದಷ್ಟು ಓಡಾಡುತ್ತಿವೆ. ತೋಟಕ್ಕೂ ಅವೇ, ಪೇಟೆಗೂ ಅವೇ, ಮದುವೆ ಮನೆಗೂ ಅವೇ. ಮಾರುತಿ 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಅಂದರೆ ತೀರಾ ಹೊಸ 800 ಅನ್ನುವುದಕ್ಕೂ ಹತ್ತು ವರ್ಷ ದಾಟಿದೆ. ಇಂಥ ಗಾಡಿ ಇಟ್ಟುಕೊಂಡವರ ದೂರು ಒಂದೇ: 'ಮೊದಲು ಹದಿನೆಂಟು ಕೊಡ್ತಿತ್ತು, ಈಗ ಹದಿಮೂರೂ ಇಲ್ಲ.'

ಆಮೇಲೆ ಆಗುವುದೂ ಒಂದೇ. ಗ್ಯಾರೇಜಿನಲ್ಲಿ ಪ್ಲಗ್ ಬದಲಾಗುತ್ತದೆ, ಇಂಜೆಕ್ಟರ್ ಕ್ಲೀನ್ ಆಗುತ್ತದೆ, ಹೊಸ ಆಕ್ಸಿಜನ್ ಸೆನ್ಸರ್ ಬಂದು ಕೂರುತ್ತದೆ. ಸಾವಿರಗಟ್ಟಲೆ ಖರ್ಚಾದ ಮೇಲೂ ಮೈಲೇಜ್ ಇದ್ದಲ್ಲೇ ಇರುತ್ತದೆ. ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಯಾರೂ ಚಕ್ರ ಎತ್ತಿ ನೋಡಿರುವುದಿಲ್ಲ. ನಮ್ಮ ಜಿಲ್ಲೆಯ ಮಳೆ, ಉಪ್ಪು ಗಾಳಿ, ಘಟ್ಟ ಇವುಗಳ ನಡುವೆ ಓಡುವ ಗಾಡಿಗೆ ಮೊದಲು ನೋಡಬೇಕಾದ್ದು ಬ್ರೇಕ್ ಮತ್ತು ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಎರಡನ್ನೂ ಮನೆ ಅಂಗಳದಲ್ಲೇ ನೋಡಬಹುದು, ದುಡ್ಡು ಬೇಡ.

ಮೊದಲು ನೆಟ್ಟಗೆ ಅಳೆಯಿರಿ

'ಐನೂರು ರೂಪಾಯಿ ಹಾಕಿಸಿದೆ, ಎರಡೇ ದಿನಕ್ಕೆ ಮುಳ್ಳು ಕೆಳಗೆ ಬಂತು' ಅನ್ನುವುದು ಲೆಕ್ಕವಲ್ಲ. ಹಳೆ ಗಾಡಿಯ ಪೆಟ್ರೋಲ್ ಮುಳ್ಳನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ತಾನಾಗಿ ಮೊದಲ ಸಲ ಟಕ್ ಎಂದು ಕಟ್ ಆದಲ್ಲಿಗೆ ನಿಲ್ಲಿಸಬೇಕು. ಇಲ್ಲೇ ಎಲ್ಲರೂ ಎಡವುವುದು. ಕಟ್ ಆದ ಮೇಲೆ ಬಂಕಿನ ಹುಡುಗ 'ರೌಂಡ್ ಫಿಗರ್ ಮಾಡ್ಲಾ?' ಅನ್ನುತ್ತಾನೆ, ನಾವು ತಲೆಯಾಡಿಸುತ್ತೇವೆ. ಆ ರೌಂಡ್ ಫಿಗರಿನಲ್ಲಿ ಒಂದು ಲೀಟರ್ ಹೆಚ್ಚಿಗೆ ಹೋಯಿತು ಅಂದುಕೊಳ್ಳಿ. ನೂರೈವತ್ತು ಕಿ.ಮೀ. ಓಡಿಸಿ ಹತ್ತು ಲೀಟರ್ ಲೆಕ್ಕ ಹಾಕುವವನಿಗೆ ಅದೇ ಶೇ 10ರಷ್ಟು ತಪ್ಪು. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಡಿಮೆ ಅಂದರೂ 300 ಕಿ.ಮೀ. ಓಡಿಸಿ. ಮತ್ತೆ ಅದೇ ಬಂಕು, ಅದೇ ಪಂಪು, ಗಾಡಿಯ ಮುಖವೂ ಅದೇ ದಿಕ್ಕಿಗೆ. ನಮ್ಮ ಕಡೆ ಎಷ್ಟೋ ಬಂಕುಗಳ ನೆಲ ಓರೆ. ಗಾಡಿ ವಾಲಿದರೆ ಟ್ಯಾಂಕ್ ತುಂಬುವ ಮಟ್ಟವೇ ಬದಲಾಗುತ್ತದೆ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಇದನ್ನೇ ಇನ್ನೊಮ್ಮೆ ಮಾಡಿ, ಎರಡು ಉತ್ತರವೂ ಹತ್ತಿರ ಬಂದರೆ ಮಾತ್ರ ನಂಬಿ.

ಘಟ್ಟದವರಿಗೆ ಒಂದು ಮಾತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನ ಕೂತ ಒಂದು ಸಣ್ಣ ಕಾರನ್ನು ಕುಮಟಾದಿಂದ ಅಷ್ಟು ಮೇಲೆ ಎತ್ತುವುದಕ್ಕೇ ಹೆಚ್ಚುಕಡಿಮೆ ಅರ್ಧ ಲೀಟರಿಗೂ ಜಾಸ್ತಿ ಪೆಟ್ರೋಲ್ ಬೇಕು. ದಾರಿ ಸವೆಸಲು ಬೇಕಾದ್ದು ಬೇರೆ. ಹಾಗಾಗಿ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಲೆಕ್ಕ ಹಾಕಿದವನಿಗೆ ಖುಷಿ, ಹತ್ತಿ ಬಂದು ಲೆಕ್ಕ ಹಾಕಿದವನಿಗೆ ಗಾಬರಿ. ಹೋಗಿ ಬಂದು ಸೇರಿಸಿಯೇ ಅಳೆಯಬೇಕು.

ಟೈರ್ ಸೈಜ್ ಬದಲಿಸಿದ್ದೀರಾ? ಮೊದಲಿಗಿಂತ ದೊಡ್ಡ ಟೈರ್ ಇದ್ದರೆ ಗಾಡಿ ಓಡಿದ್ದಕ್ಕಿಂತ ಮೀಟರ್ ಕಡಿಮೆ ತೋರಿಸುತ್ತದೆ. ಮೈಲೇಜ್ ಬಿದ್ದಿರುವುದಿಲ್ಲ, ಬಿದ್ದಂತೆ ಕಾಣುತ್ತದೆ. ಹೆದ್ದಾರಿ 66ರಲ್ಲಿ ಮೊಬೈಲಿನ ಮ್ಯಾಪ್ ಹಾಕಿಕೊಂಡು ಇಪ್ಪತ್ತು ಕಿ.ಮೀ. ಓಡಿಸಿ ತಾಳೆ ನೋಡಿ.

ಇನ್ನು ಪೆಟ್ರೋಲೇ ಮೊದಲಿನದಲ್ಲ. ಈಗ ಬರುವುದು ಶೇ 20 ಎಥೆನಾಲ್ ಬೆರೆತದ್ದು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಳೆ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಹದಿನೆಂಟು ಕೊಡುತ್ತಿದ್ದ ಗಾಡಿ ಹದಿನೇಳರ ಹತ್ತಿರ ಬಂದರೆ ಅದಕ್ಕೆ ಮೆಕ್ಯಾನಿಕ್ ಏನೂ ಮಾಡಲಾರ. ಹದಿಮೂರಕ್ಕೆ ಬಂದಿದ್ದರೆ ಮಾತ್ರ ಮುಂದೆ ಓದಿ.

ಸುಲಭದ್ದು ಮುಗಿಸಿಬಿಡಿ

ಟೈರ್ ಗಾಳಿ: ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುವಷ್ಟು, ಟೈರ್ ತಣ್ಣಗಿರುವಾಗ. ಡಿಕ್ಕಿಯಲ್ಲಿ ಹೋದ ವರ್ಷದಿಂದ ಕೂತಿರುವ ಗೊಬ್ಬರದ ಚೀಲ ಇಳಿಸಿ. ಬಾನೆಟ್ ಎತ್ತಿದಾಗ, ಟ್ಯಾಂಕಿನ ಬಳಿ ಬಗ್ಗಿದಾಗ ಪೆಟ್ರೋಲ್ ವಾಸನೆ ಬಂದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನೇ ನೋಡಿಸಿ.

ಏರ್ ಫಿಲ್ಟರ್ ಡಬ್ಬಿ ತೆಗೆದು ಒಳಗೆ ಕಣ್ಣು ಹಾಯಿಸಿ. ಮಲೆನಾಡಿನ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿಗಳಿಗೆ ಈ ಡಬ್ಬಿ ಅಂದರೆ ಬಲು ಇಷ್ಟ. ಅಡಿಕೆ ಸಿಪ್ಪೆಯ ನಾರು, ಹರಿದ ಬಟ್ಟೆ, ಕಡಿದ ಫಿಲ್ಟರ್ ಕಾಗದ ಎಲ್ಲ ಸೇರಿ ಗೂಡೇ ಆಗಿರುತ್ತದೆ. ಗೂಡು ಕಂಡರೆ ಸುತ್ತಲಿನ ವೈರುಗಳನ್ನೂ ಬೆರಳಿನಲ್ಲಿ ಸವರಿ ನೋಡಿ. ಸೆನ್ಸರಿನ ಒಂದು ವೈರ್ ಕಡಿದಿದ್ದರೂ ಸಾಕು, ಮೈಲೇಜ್ ಬೀಳುತ್ತದೆ. ತೊಳೆದು ಮತ್ತೆ ಹಾಕುವ ಫಿಲ್ಟರ್ ಸುದ್ದಿಗೇ ಹೋಗಬೇಡಿ. ಕಾಗದದ್ದು ಅಗ್ಗ, ಹೊಸದು ಹಾಕಿ.

ಹಿಡಿದುಕೊಂಡ ಬ್ರೇಕ್

ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸುತ್ತೇವಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಹಿಂದಿನ ಚಕ್ರದ ಜತೆ ತಿರುಗುವ ಡ್ರಮ್ಮಿಗೆ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಕವಚದೊಳಗೆ ನೀರಿಳಿದು ತುಕ್ಕು ಹಿಡಿಯುತ್ತದೆ. ಲಿವರ್ ಕೆಳಗಿಳಿದರೂ ಕೇಬಲ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕಾರವಾರ, ಹೊನ್ನಾವರದ ಕಡಲಂಚಿನ ಗಾಡಿಗಳಲ್ಲಿ ಮುಂದಿನ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ) ಪಿನ್ನುಗಳದ್ದೂ ಇದೇ ಕತೆ. ಗಾಡಿ ಓಡುತ್ತದೆ, ಆದರೆ ದಿನವಿಡೀ ಬ್ರೇಕ್ ಒತ್ತಿಕೊಂಡೇ ಓಡುತ್ತದೆ.

ಪತ್ತೆ ಹೀಗೆ. ಬೇರೆ ಗಾಡಿಗಳ ಓಡಾಟ ಇಲ್ಲದ ನೇರ ರಸ್ತೆಯಲ್ಲಿ ಹತ್ತು ಕಿ.ಮೀ. ಹೋಗಿ, ಬ್ರೇಕ್ ಆದಷ್ಟೂ ಮುಟ್ಟಬೇಡಿ. ವೇಗ ತಾನಾಗಿ ಇಳಿಯಲು ಬಿಟ್ಟು, ಕೊನೆಗೆ ಮೆಲ್ಲಗೆ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ನಡುಭಾಗಕ್ಕೆ ಬೆರಳಿನ ಹಿಂಬದಿ ಹತ್ತಿರ ಹಿಡಿಯಿರಿ. ಅಂಗೈ ಇಡಬೇಡಿ, ಸುಡುತ್ತದೆ. ಒಂದು ಚಕ್ರ ಅದರ ಜೋಡಿಗಿಂತ ಜಾಸ್ತಿ ಬಿಸಿ ಇದ್ದರೆ ಕಳ್ಳ ಅಲ್ಲೇ. ಎಡ ಹಿಂದಿನದನ್ನು ಬಲ ಹಿಂದಿನದರ ಜತೆ ಹೋಲಿಸಿ, ಮುಂದಿನದರ ಜತೆ ಅಲ್ಲ.

ಖಾತ್ರಿ ಮಾಡಿಕೊಳ್ಳಲು ಜಾಕ್ ಬೇಕು. ಮಟ್ಟಸ ನೆಲ, ಗಟ್ಟಿ ನೆಲ. ಹಿಂದಿನ ಚಕ್ರ ಎತ್ತುವಾಗ ಗಾಡಿ ಒಂದನೇ ಗೇರಿನಲ್ಲಿರಲಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ. ಎರಡು ಮೂರು ಸುತ್ತು ತಾನೇ ತಿರುಗಿ ನಿಲ್ಲಬೇಕು. ಕೈ ಬಿಟ್ಟ ಕೂಡಲೇ ನಿಂತರೆ ಶೂ ಹಿಡಿದಿದೆ. ಈಗ ಒಬ್ಬರನ್ನು ಒಳಗೆ ಕೂರಿಸಿ ಹ್ಯಾಂಡ್‌ಬ್ರೇಕ್ ಎಳೆದು ಬಿಡಿಸಿ, ಮತ್ತೆ ತಿರುಗಿಸಿ. ಮೊದಲಿಗಿಂತ ಬಿಗಿಯಾಯಿತೇ? ಹಾಗಾದರೆ ಕೇಬಲ್ಲಿನದೇ ತಪ್ಪು.

ಮುಂದಿನ ಚಕ್ರ ಎತ್ತುವಾಗ ಎಲ್ಲ ಉಲ್ಟಾ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಹಿಂದಿನ ಚಕ್ರಕ್ಕೆ ಕಲ್ಲು. ಇವೆಲ್ಲ ಮುಂದಿನ ಚಕ್ರ ಎಳೆಯುವ ಗಾಡಿಗಳು. ಗೇರಿನಲ್ಲಿ ಬಿಟ್ಟು ಒಂದೇ ಚಕ್ರ ಎತ್ತಿದರೆ ಅದು ತಿರುಗುವುದೇ ಇಲ್ಲ. 'ಬ್ರೇಕ್ ಜಾಮ್ ಆಗಿದೆ' ಅಂತ ಕ್ಯಾಲಿಪರ್ ಬಿಚ್ಚಿಸಿದವರಿದ್ದಾರೆ! ಡಿಸ್ಕ್ ಪ್ಯಾಡು ಸ್ವಲ್ಪ ಸರ್ ಸರ್ ಎನ್ನುವುದು ಸಹಜ. ಒಂದು ಕೈಯಲ್ಲಿ ತಿರುಗಿಸಲು ಕಷ್ಟವಾದರೆ ಸಹಜವಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ತಲೆ ಹಾಕಬೇಡಿ.

ರಿಪೇರಿಯಲ್ಲಿ ನನ್ನದು ಸ್ವಲ್ಪ ಹಟ. ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಎಣ್ಣೆ ಬಿಡಬೇಡಿ, ಹೊಸ ಕೇಬಲ್ ಹಾಕಿಸಿ. ಎಣ್ಣೆಯ ಆಟ ಮುಂದಿನ ಮಳೆವರೆಗೆ ಅಷ್ಟೇ. ಅದೇ ಎಣ್ಣೆ ಡ್ರಮ್ಮಿನೊಳಗೆ ಇಳಿದರೆ ಬ್ರೇಕೇ ಇರುವುದಿಲ್ಲ. ಕ್ಯಾಲಿಪರ್ ಪಿನ್ನಿಗೆ ಗ್ಯಾರೇಜಿನ ಡಬ್ಬದ ಮಾಮೂಲಿ ಗ್ರೀಸ್ ಮೆತ್ತಿಸಬೇಡಿ. ಅದು ರಬ್ಬರನ್ನು ಉಬ್ಬಿಸುತ್ತದೆ, ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ಕೇಳಿ ಪಡೆಯಿರಿ. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಹಳೆ ಶೂಗಳಲ್ಲಿ ಕಲ್ನಾರು ಇರಬಹುದು. ಮಳೆಗಾಲದಲ್ಲಿ ಮನೆಯಲ್ಲಿ ನಿಲ್ಲಿಸುವಾಗ ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ತುಂಡು ಕೊಟ್ಟರೆ ಸಾಕು, ಹ್ಯಾಂಡ್‌ಬ್ರೇಕ್ ಬೇಡ.

ಬಿಸಿಯಾಗದ ಇಂಜಿನ್

ಘಟ್ಟ ಹತ್ತುವಾಗ ಎಂದೋ ಒಮ್ಮೆ ಗಾಡಿ ಕುದಿದಿರುತ್ತದೆ. ಆಗ ಯಾರೋ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಪಕ್ಕಕ್ಕೆ ಹಾಕಿ, 'ನಮ್ಮ ಕಡೆ ಇದು ಬೇಕಾಗಿಲ್ಲ, ಚಳಿ ದೇಶಕ್ಕೆ ಮಾತ್ರ' ಅಂದಿರುತ್ತಾರೆ. ಜತೆಗೆ ರೇಡಿಯೇಟರ್ ಫ್ಯಾನನ್ನು ಡೈರೆಕ್ಟ್ ಮಾಡಿರುತ್ತಾರೆ, ಕೀ ತಿರುಗಿಸಿದರೆ ಸಾಕು ಫ್ಯಾನ್ ಶುರು. ಗಾಡಿ ಆಮೇಲೆ ಕುದಿಯುವುದಿಲ್ಲ ನಿಜ. ಆದರೆ ಸರಿಯಾಗಿ ಬಿಸಿಯೂ ಆಗುವುದಿಲ್ಲ.

ಇಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಿರುವವರೆಗೂ ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಹಳೆ ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಎಳೆದು ಓಡಿಸಿದಂತೆ. ಡಿಸೆಂಬರಿನ ಶಿರಸಿಯ ಬೆಳಗಿನಲ್ಲಿ, ಪೇಟೆಗೆ ನಾಲ್ಕು ಕಿ.ಮೀ. ಹೋಗಿ ಬರುವ ಗಾಡಿ ಇಡೀ ದಾರಿ ಹೀಗೇ ಇರುತ್ತದೆ.

ಪರೀಕ್ಷೆ ಬೆಳಿಗ್ಗೆಯೇ ಮಾಡಬೇಕು, ರಾತ್ರಿಯಿಡೀ ನಿಂತ ಗಾಡಿಗೆ. ಸ್ಟಾರ್ಟ್ ಮಾಡಿ, ಇಂಜಿನ್ನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ಪೈಪನ್ನು ಆಗಾಗ ಮುಟ್ಟಿ. ಅಂಗಿ ತೋಳು, ಪಂಚೆ, ಶಾಲು ಫ್ಯಾನಿನಿಂದ ದೂರ ಇರಲಿ. ಥರ್ಮೋಸ್ಟಾಟ್ ಸರಿ ಇದ್ದರೆ ಹಲವು ನಿಮಿಷ ಪೈಪ್ ತಣ್ಣಗೇ ಇದ್ದು, ವಾಲ್ವ್ ತೆರೆದಾಗ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ವಾಲ್ವ್ ಇಲ್ಲ, ಇದ್ದರೂ ತೆರೆದೇ ಕೂತಿದೆ. ಇನ್ನೊಂದು ಗುರುತು: ಘಟ್ಟ ಇಳಿಯುವಾಗ ಟೆಂಪರೇಚರ್ ಮುಳ್ಳು ಕೆಳಗೆ ಬೀಳುತ್ತದೆ. ಸರಿ ಇರುವ ಗಾಡಿಯಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು.

ವಾಲ್ವ್ ಬಿಚ್ಚಿದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೇ ಡಿಗ್ರಿ ಕೆತ್ತಿರುತ್ತದೆ, ಸಾಮಾನ್ಯವಾಗಿ 82ರ ಆಸುಪಾಸು. ಅಷ್ಟಕ್ಕೆ ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ಹೊಸದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಹಾಕಿಸುವ ಮೊದಲು ಗಾಡಿ ಹಿಂದೆ ಯಾಕೆ ಕುದಿದಿತ್ತು ಅಂತ ನೋಡಿಸಿ. ಕಸ ಕಟ್ಟಿಕೊಂಡ ರೇಡಿಯೇಟರ್, ಸೋರುವ ವಾಟರ್ ಪಂಪ್ ಹಾಗೇ ಇದ್ದರೆ ಮತ್ತೆ ಕುದಿಯುತ್ತದೆ, ಬೈಗುಳ ಹೊಸ ವಾಲ್ವಿಗೆ ಬೀಳುತ್ತದೆ. ಬಾವಿ ನೀರು ಸುರಿಯುವುದು ನಿಲ್ಲಿಸಿ ಕೂಲಂಟ್ ಹಾಕಿ.

ವಾಲ್ವ್ ಸರಿ ಇದ್ದೂ ಸೈಲೆನ್ಸರ್ ತುದಿ ಮಸಿ ಹಿಡಿದಿದ್ದರೆ ಟೆಂಪರೇಚರ್ ಸೆನ್ಸರ್ ಅಳೆಯಿಸಿ. ಮಾರುತಿ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್ ಆಸುಪಾಸು, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಬರಬೇಕು. ಮಲ್ಟಿಮೀಟರ್ ಇರುವ ಯಾವ ಎಲೆಕ್ಟ್ರಿಷಿಯನ್ನಾದರೂ ಎರಡು ನಿಮಿಷದಲ್ಲಿ ನೋಡಿ ಹೇಳಬಲ್ಲ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕೊಳ್ಳುವ ಮೊದಲು ಯೋಚಿಸಿ. ನಮ್ಮಲ್ಲಿ ಕಾರುಗಳಿಗೆ ಓಬಿಡಿ (ಗಾಡಿಯ ದೋಷವನ್ನು ತಾನೇ ಗುರುತಿಸಿ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ) ಕಡ್ಡಾಯವಾಗಿದ್ದು 2010ರಲ್ಲಿ, ಅದರ ಎರಡನೇ ಹಂತ 2013ರಲ್ಲಿ. ಅದಕ್ಕಿಂತ ಹಳೆ ಗಾಡಿಗಳಲ್ಲಿ ಹೆಚ್ಚಿನವು ಅದರ ಜತೆ ಮಾತೇ ಆಡುವುದಿಲ್ಲ.

ಇಷ್ಟಾದ ಮೇಲೆ ಪ್ಲಗ್

ಬಿಚ್ಚಿದ ಪ್ಲಗ್ಗಿನ ತುದಿ ತಿಳಿ ಕಂದು ಇದ್ದರೆ ಸುಮ್ನೆ ಬದಲಿಸಬೇಡಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ, ಆಕ್ಸಿಜನ್ ಸೆನ್ಸರ್ ನೋಡಿಸುವ ಸರದಿ ಈಗ. ಎಣ್ಣೆ ಜಿಡ್ಡಿದ್ದರೆ ಇಂಜಿನ್ನೊಳಗಿನ ಸಮಸ್ಯೆ.

ಪೆಟ್ರೋಲ್ ಪೈಪಿಗೆ ಸುತ್ತುವ ಅಯಸ್ಕಾಂತ, ಲೈಟರ್ ಸಾಕೆಟ್ಟಿಗೆ ಚುಚ್ಚುವ 'ಫ್ಯೂಯೆಲ್ ಸೇವರ್' ಜಾತ್ರೆಯಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಎರಡನೆಯದರೊಳಗೆ ಸಾಮಾನ್ಯವಾಗಿ ಇರುವುದು ಮಿಣುಕುವ ಒಂದು ದೀಪ ಅಷ್ಟೇ. ಇನ್ನು ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕುವ, ಕೀ ಆಫ್ ಮಾಡುವ ಚಾಳಿ. ಕೀ ಆಫ್ ಆದರೆ ನಾಲ್ಕೈದು ಸಲ ಒತ್ತುವುದರೊಳಗೆ ಬ್ರೇಕ್ ಬೂಸ್ಟರಿನ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ. ಲಾಭವಾದರೂ ಇದೆಯಾ? ಇಂಜೆಕ್ಷನ್ ಗಾಡಿಯನ್ನು ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ತಾನೇ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಆರದಂತೆ ಇಡಲು ಸ್ವಲ್ಪ ಬಿಡಲೇಬೇಕು.

ಹೆದ್ದಾರಿ ಅಗಲವಾದ ಮೇಲೆ ಹಳೆ 800ಗಳೂ ನೂರರಲ್ಲಿ ಓಡುತ್ತಿವೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರಲ್ಲಿ ಇದ್ದ ತಡೆ ನೂರರಲ್ಲಿ ಸುಮಾರು ಎರಡೂ ಮುಕ್ಕಾಲು ಪಟ್ಟು. ಅಳೆಯುವ ಆ 300 ಕಿ.ಮೀ.ನಲ್ಲಾದರೂ ಅರವತ್ತು ಎಪ್ಪತ್ತರಲ್ಲಿ ಇರಿ.

ಎಲ್ಲ ಸರಿ ಇದ್ದೂ ಮೈಲೇಜ್ ಏಳದಿದ್ದರೆ ಉಳಿದದ್ದು ಕ್ಲಚ್ ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ). ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿಗೇ ಹೋಗಿ, ಪ್ಲಗ್ ತೂತಿಗೆ ಹೆಬ್ಬೆರಳು ಇಟ್ಟು ಹೇಳುವವರ ಹತ್ತಿರ ಬೇಡ. ಇಂಜಿನ್ ಬಿಸಿ ಇರುವಾಗ, ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಬೇಕು. ಸಿಲಿಂಡರುಗಳ ನಡುವೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಇಂಜಿನ್ ಬಿಚ್ಚಬೇಕಾಗುತ್ತದೆ. ಆ ಕೆಲಸಕ್ಕೆ ಒಪ್ಪುವ ಮೊದಲು ಗಾಡಿಯ ಈಗಿನ ಬೆಲೆ ಎಷ್ಟು ಅಂತ ಇಬ್ಬರು ಬ್ರೋಕರುಗಳನ್ನು ಕೇಳಿಕೊಳ್ಳಿ.