ಮಾತ್ರೆ ರಾತ್ರಿಗೆ ಬದಲಾಯಿಸಿದೆ, ಟಿಎಸ್‌ಎಚ್ ಇಳಿಯಿತು

ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು, ಥೈರಾಯ್ಡ್ ಕಡಿಮೆ ಇರುವ ನಮಗೆಲ್ಲ ಗೊತ್ತಿರುವುದೇ ಅಲ್ವಾ. ನಮ್ಮ ಮನೆಯಲ್ಲಿ ಆ ಅರ್ಧ ಗಂಟೆ ಸಿಗುತ್ತಲೇ ಇರಲಿಲ್ಲ. ಐದೂವರೆಗೆ ಎದ್ದು ಅತ್ತೆಗೆ ಕಾಫಿ ಬೆರೆಸುವಾಗ ನನಗೂ ಒಂದು ಲೋಟ ಆಗಿಬಿಡುತ್ತಿತ್ತು. ಮಾತ್ರೆ ನುಂಗಿ ಹತ್ತು ನಿಮಿಷವೂ ಆಗಿರುತ್ತಿರಲಿಲ್ಲ. ತಿಂಡಿ ಆದ ಕೂಡಲೇ ಕ್ಯಾಲ್ಸಿಯಂ, ಐರನ್ ಮಾತ್ರೆ. ಇವೆಲ್ಲ ಥೈರಾಯ್ಡ್ ಮಾತ್ರೆ ಮೈಗೆ ಹತ್ತದಂತೆ ಅಡ್ಡಿ ಮಾಡುತ್ತವೆ.

ಎರಡು ವರ್ಷ ಟಿಎಸ್‌ಎಚ್ ಎಂಟು, ಒಂಬತ್ತರಿಂದ ಕೆಳಗೆ ಬರಲಿಲ್ಲ. ಅದು ರಕ್ತದಲ್ಲಿ ನೋಡುವ ಹಾರ್ಮೋನು, ಥೈರಾಯ್ಡ್ ಸಾಲದಿದ್ದರೆ ಏರುತ್ತದೆ. ಡೋಸ್ 50 ಮೈಕ್ರೋಗ್ರಾಂನಿಂದ 75, ಆಮೇಲೆ 100. ಮಾತ್ರೆ ಅಗ್ಗವೇ. ಟೆಸ್ಟು, ಡಾಕ್ಟರ್ ಫೀಸು, ಬಸ್ ಚಾರ್ಜು ಸೇರಿ ಪ್ರತಿ ಸಲ ಸಾವಿರ ದಾಟುತ್ತಿತ್ತು. ಒಟ್ಟು ಹನ್ನೆರಡು ಸಾವಿರವಾದರೂ ಹೋಗಿರಬೇಕು.

ನಡುವೆ ಒಂದು ತಿಂಗಳು ಕೊತ್ತಂಬರಿ ಬೀಜದ ನೀರು ಕುಡಿದೆ. ಮೂರು ತಿಂಗಳು ಎಲೆಕೋಸು ಬಿಟ್ಟೆ. ಟಿಎಸ್‌ಎಚ್ ಅಲ್ಲಾಡಲಿಲ್ಲ. ಒಮ್ಮೆ 0.9 ಬಂತು, ಖುಷಿಯಿಂದ ಡಾಕ್ಟರ್ ಹತ್ತಿರ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಕೂದಲಿಗೆ ಏನಾದ್ರೂ ತಗೋತಿದ್ದೀರಾ ಅಮ್ಮಾ?" ಹೌದು, ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ. ಕೆಲವು ಲ್ಯಾಬ್‌ಗಳ ವಿಧಾನದಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ನಾಲ್ಕು ದಿನ ಬಯೋಟಿನ್ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿಸಿದರೆ ಅದೇ ಎಂಟು ಚಿಲ್ಲರೆ. ಆ ದುಡ್ಡು ಹೋದದ್ದು ಈಗಲೂ ಹೊಟ್ಟೆ ಉರಿಸುತ್ತದೆ.

ಮಾತ್ರೆಯನ್ನು ಮಲಗುವಾಗ ಕೊಟ್ಟು ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಅಧ್ಯಯನವೊಂದು 2010ರಲ್ಲಿ ಬಂದಿತ್ತು. ಅದರಲ್ಲಿ ಟಿಎಸ್‌ಎಚ್ ಇಳಿದಿತ್ತು. ಓದಿದ್ದೇ ಮನೆಯಲ್ಲಿ ಹೇಳಿದೆ. "ಥೈರಾಯ್ಡ್ ಮಾತ್ರೆ ರಾತ್ರಿ ಯಾರಾದ್ರೂ ತಗೋತಾರೇನೇ?" ಅಂದರು ಅತ್ತಿಗೆ. ಮೆಡಿಕಲ್ ಶಾಪಿನವರೂ ತಲೆ ಅಲ್ಲಾಡಿಸಿದರು. ಡಾಕ್ಟರ್ ಮಾತ್ರ ಒಪ್ಪಿದರು. ಊಟವಾಗಿ ಮೂರು ಗಂಟೆ ಕಳೆದಿರಬೇಕು, ಆರು ವಾರದೊಳಗೆ ಟೆಸ್ಟ್ ಬೇಡ ಅಂದರು.

ಏಳಕ್ಕೆ ಮುದ್ದೆ, ಸಾರು ಮುಗಿಸುತ್ತೇನೆ. ಆಮೇಲೆ ಹಾಲೂ ಇಲ್ಲ, ಬಾಳೆಹಣ್ಣೂ ಇಲ್ಲ. ಹತ್ತೂವರೆಗೆ ಬಾಗಿಲ ಚಿಲಕ ಹಾಕಿ, ದೀಪ ಆರಿಸಿ, ಹಾಸಿಗೆ ಪಕ್ಕದ ಚೊಂಬಿನ ನೀರಲ್ಲಿ ಮಾತ್ರೆ. ಕ್ಯಾಲ್ಸಿಯಂ, ಐರನ್ ಮಧ್ಯಾಹ್ನದ ಊಟಕ್ಕೆ ಹೋದವು. ಮದುವೆಮನೆಯಲ್ಲಿ ಊಟ ತಡವಾದ ದಿನಕ್ಕೂ ಡಾಕ್ಟರನ್ನು ಕೇಳಿ ಒಂದು ದಾರಿ ಮಾಡಿಕೊಂಡಿದ್ದೇನೆ. ಅದು ನನ್ನ ದೇಹಕ್ಕೆ ಹೊಂದಿದ್ದು, ಇಲ್ಲಿ ಬರೆಯುವುದಿಲ್ಲ.

ಏಳು ವಾರಕ್ಕೆ 3.1 ಬಂತು. ಮೂರು ತಿಂಗಳು ಕಳೆದು ಎರಡರ ಹತ್ತಿರ. ಡಾಕ್ಟರೇ ಡೋಸ್ 75ಕ್ಕೆ ಇಳಿಸಿದರು, ಆಮೇಲೂ ಏರಲಿಲ್ಲ. ಇದು ನಾನೇ ಹಟ ಹಿಡಿದು ಮಾಡಿದ್ದು, ಹೆಮ್ಮೆ ಇದೆ. ಹೋದ ತಿಂಗಳು ಅತ್ತಿಗೆಯೂ ತಮ್ಮ ಡಾಕ್ಟರನ್ನು ಕೇಳಿ ಮಾತ್ರೆ ರಾತ್ರಿಗೆ ಹಾಕಿಕೊಂಡರು. ಅವರ ರಿಪೋರ್ಟ್ ಇನ್ನೆರಡು ವಾರಕ್ಕೆ ಬರುತ್ತದೆ.