‘ಗೆಟ್’ ಅಂದ್ರೆ ಏನು? ಅದರ ಮುಂದೆ ಏನಿದೆ ನೋಡಿ

ಇಂಗ್ಲಿಷ್‌ನಲ್ಲಿ ಕಷ್ಟದ ಪದ ಯಾವುದು ಅಂತ ಕೇಳಿದರೆ ಜಾಸ್ತಿ ಜನ ಸ್ಪೆಲಿಂಗ್ ನೆನಪಿರದ ಯಾವುದೋ ಉದ್ದನೆಯ ಪದ ಹೇಳುತ್ತಾರೆ. ನನಗೆ ಕೇಳಿದರೆ ಮೂರೇ ಅಕ್ಷರದ ‘ಗೆಟ್’ ಅಂತೀನಿ. ಉದ್ದದ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ ಇರುತ್ತದೆ, ಡಿಕ್ಷನರಿ ನೋಡಿದರೆ ಕೆಲಸ ಮುಗಿಯಿತು. ಗೆಟ್‌ಗೆ ಡಿಕ್ಷನರಿ ತೆಗೆದರೆ ಪಡೆ, ಸಿಗು, ಆಗು, ತಲುಪು, ತರು, ಹಿಡಿ, ಅರ್ಥವಾಗು ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಓದಿ ಮುಗಿಸುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ.

ಆ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಎರಡು ಕೆಲಸ ಮಾಡಿ ಸಾಕು. ಒಂದು, ವಾಕ್ಯದಲ್ಲಿ ಗೆಟ್ ಕಂಡ ತಕ್ಷಣ ಅದರ ಮುಂದಿನ ಪದದ ಕಡೆ ಕಣ್ಣು ಹಾಯಿಸಿ. ಅಲ್ಲಿ ಇರೋದು ವಸ್ತುವಾ, ಗುಣವಾ, ಜಾಗವಾ, ಇನ್ನೊಂದು ಕ್ರಿಯಾಪದವಾ? ಅರ್ಥವನ್ನು ಅದೇ ಹೇಳುತ್ತದೆ. ಎರಡನೆಯದು ನಾವೇ ಮಾತಾಡುವಾಗ ಬೇಕಾಗುವಂಥದ್ದು. ಕನ್ನಡದಲ್ಲಿ ‘ನನಗೆ’ ಅಂತ ಶುರುವಾಗಿ ‘ಬಂತು, ಸಿಕ್ಕಿತು, ಆಯಿತು’ ಅಂತ ಮುಗಿಯುವ ವಾಕ್ಯ ಬಾಯಿಗೆ ಬಂದರೆ, ಇಂಗ್ಲಿಷ್‌ನಲ್ಲಿ ಅಲ್ಲಿ ‘ಐ ಗಾಟ್’ ಕೂರುತ್ತಾ ಅಂತ ಮೊದಲು ನೋಡಿ. ತುಂಬಾ ಸಲ ಕೂರುತ್ತದೆ.

ಈ ಎರಡನೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ‘ನನಗೆ ಒಂದು ಪತ್ರ ಬಂತು’ ಅಂತೀವಿ. ಇಲ್ಲಿ ಕರ್ತೃ ಪತ್ರ, ‘ನಾನು’ ಬರೀ ಅದನ್ನು ಪಡೆದವನು. ಹಾಗೇ ಇಂಗ್ಲಿಷ್‌ಗೆ ತಂದರೆ ‘ಎ ಲೆಟರ್ ಕೇಮ್ ಟು ಮಿ’ ಆಗುತ್ತದೆ. ತಪ್ಪೇನಲ್ಲ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ‘ಐ ಗಾಟ್ ಎ ಲೆಟರ್’ ಅಂತಾರೆ. ನನಗೆ ಕೆಲಸ ಸಿಕ್ಕಿತು ಅಂದರೆ ‘ಐ ಗಾಟ್ ಎ ಜಾಬ್’. ನನಗೆ ಸಿಟ್ಟು ಬಂತು ಅಂದರೆ ‘ಐ ಗಾಟ್ ಆಂಗ್ರಿ’. ನನಗೆ ಅರ್ಥ ಆಯಿತು ಅಂದರೆ ‘ಐ ಗಾಟ್ ಇಟ್’. ನಾಲ್ಕು ಬೇರೆ ಬೇರೆ ಅರ್ಥ ಅನಿಸಿದರೂ ನಾಲ್ಕರಲ್ಲೂ ಏನೋ ಒಂದು ನನ್ನ ಹತ್ತಿರ ಬಂದಿದೆ. ಅದನ್ನು ಕನ್ನಡ ‘ನನಗೆ’ ಅಂತ ಹೇಳುತ್ತದೆ, ಇಂಗ್ಲಿಷ್ ‘ನಾನು’ ಅಂತ ಶುರು ಮಾಡಿ ಗೆಟ್ ಹಾಕುತ್ತದೆ. ಈ ಒಂದು ತಿರುವು ನಾಲಿಗೆಗೆ ಹತ್ತಿದರೆ ಅರ್ಧ ದಾರಿ ಸವೆದ ಹಾಗೆ.

ಈಗ ಮುಂದಿನ ಪದದ ಲೆಕ್ಕ ನೋಡೋಣ.

ಮುಂದೆ ವಸ್ತುವೋ ಹೆಸರೋ ಇದ್ದರೆ ಸಿಗು, ಬರು, ತಗೋ, ಹಿಡಿ, ಈ ಗುಂಪಿನ ಅರ್ಥ. ‘ಗೆಟ್ ಎ ಟಿಕೆಟ್’ ಅಂದರೆ ಟಿಕೆಟ್ ತಗೋ, ‘ಗೆಟ್ ಎ ಕೋಲ್ಡ್’ ಅಂದರೆ ನೆಗಡಿ ಬರೋದು, ‘ಗೆಟ್ ದಿ ಬಸ್’ ಅಂದರೆ ಬಸ್ ಹಿಡಿ. ಫೋನ್ ರಿಂಗ್ ಆದಾಗ ಯಾರಾದರೂ ‘ಐ ವಿಲ್ ಗೆಟ್ ಇಟ್’ ಅಂದರೆ ನಾನು ಎತ್ತುತ್ತೀನಿ ಅಂತ, ಬಾಗಿಲ ಬೆಲ್ ಆದರೆ ನಾನು ಹೋಗಿ ತೆಗೀತೀನಿ ಅಂತ. ಮಧ್ಯೆ ಒಬ್ಬ ವ್ಯಕ್ತಿ ನುಸುಳಿದರೆ ಅವರಿಗೆ ತಂದುಕೊಡೋದು: ‘ಗೆಟ್ ಮಿ ಎ ಚೇರ್’, ನನಗೊಂದು ಕುರ್ಚಿ ತಂದುಕೊಡು.

ಮುಂದೆ ಗುಣ ಹೇಳುವ ಪದ ಇದ್ದರೆ ಗೆಟ್ ಅಂದರೆ ಆಗು. ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಐ ಆಮ್ ಗೆಟಿಂಗ್ ಟಯರ್ಡ್’, ಸುಸ್ತಾಗುತ್ತಿದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ‘ಐ ಆಮ್ ಹಂಗ್ರಿ’ ಅಂದರೆ ಹಸಿವು ಆಗಲೇ ಆಗಿದೆ, ‘ಐ ಆಮ್ ಗೆಟಿಂಗ್ ಹಂಗ್ರಿ’ ಅಂದರೆ ಈಗಷ್ಟೇ ಶುರುವಾಗುತ್ತಿದೆ. ಇರುವ ಸ್ಥಿತಿಗೆ ಗೆಟ್ ಬೇಡ, ಬದಲಾವಣೆಗೆ ಮಾತ್ರ ಬೇಕು. ಇನ್ನೊಂದು, ‘ಆಗು’ ಅಂತ ಕಲಿತ ಕೂಡಲೇ ಅದನ್ನು ಎಲ್ಲ ಕಡೆ ಅಂಟಿಸಲು ಹೋಗಬೇಡಿ. ಅವನು ಡಾಕ್ಟರ್ ಆದ ಅನ್ನೋಕೆ ‘ಹಿ ಗಾಟ್ ಎ ಡಾಕ್ಟರ್’ ಅಂದರೆ ಅರ್ಥವೇ ಬೇರೆ, ಅವನಿಗೆ ಒಬ್ಬ ಡಾಕ್ಟರ್ ಸಿಕ್ಕರು ಅಥವಾ ಅವನು ಡಾಕ್ಟರನ್ನು ಕರೆದುಕೊಂಡು ಬಂದ ಅಂತ ಕೇಳುವವರು ತಿಳಿಯುತ್ತಾರೆ. ಮುಂದೆ ನಾಮಪದ ಬಂದಿದೆ, ಅದಕ್ಕೆ. ಅಲ್ಲಿ ‘ಬಿಕಮ್’ ಬೇಕು. ಹಾಗೇ ಹುಚ್ಚು ಹಿಡಿಯೋದು, ಕಣ್ಣು ಹೋಗೋದು, ಆಹಾರ ಕೆಡೋದು, ಇಂಥವಕ್ಕೆ ಇಂಗ್ಲಿಷ್‌ನಲ್ಲಿ ‘ಗೋ’ ರೂಢಿ: ‘ಗೋ ಮ್ಯಾಡ್’, ‘ಗೋ ಬ್ಲೈಂಡ್’, ‘ಗೋ ಬ್ಯಾಡ್’.

ಜಾಗ ಬಂದರೆ ತಲುಪು. ‘ವೆನ್ ಡಿಡ್ ಯು ಗೆಟ್ ಟು ದಿ ಸ್ಟೇಷನ್?’ ಆದರೆ ಹೋಮ್, ಹಿಯರ್, ದೇರ್, ಈ ಮೂರರ ಹಿಂದೆ ‘ಟು’ ಹಾಕಬಾರದು. ‘ಗೆಟ್ ಹೋಮ್’ ಸರಿ, ‘ಗೆಟ್ ಟು ಹೋಮ್’ ತಪ್ಪು.

ಇನ್ನು ನನಗೆ ತುಂಬಾ ಇಷ್ಟವಾದ ಬಳಕೆಗೆ ಬರೋಣ, ಯಾಕಂದ್ರೆ ಕನ್ನಡ ಬಲ್ಲವರಿಗೆ ಇದು ಬೇಗ ಹತ್ತುತ್ತದೆ. ನಮ್ಮಲ್ಲಿ ಮಾಡು ಅನ್ನೋದು ಮಾಡಿಸು ಆಗುತ್ತದೆ, ಹೊಲಿ ಹೊಲಿಸು ಆಗುತ್ತದೆ. ಕೆಲಸ ಆಯಿತು, ಆದರೆ ಕೈ ಬೇರೆಯವರದು ಅನ್ನೋದನ್ನು ಒಂದು ‘ಇಸು’ ಹೇಳಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ಅಂಥ ಸುಲಭದ ಪ್ರತ್ಯಯ ಇಲ್ಲ, ಆ ಕೆಲಸವನ್ನು ಗೆಟ್ ಮಾಡುತ್ತದೆ. ‘ಐ ಗಾಟ್ ದಿ ಫೋನ್ ರಿಪೇರ್ಡ್’, ಫೋನ್ ರಿಪೇರಿ ಮಾಡಿಸಿದೆ. ‘ಐ ಗಾಟ್ ಮೈ ಹೇರ್ ಕಟ್’, ಕೂದಲು ಕಟ್ ಮಾಡಿಸಿಕೊಂಡು ಬಂದೆ. ಅನುಕ್ರಮ ಗಮನಿಸಿ: ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ವಸ್ತು ಮಧ್ಯದಲ್ಲೇ ಇರಬೇಕು. ‘ಐ ರಿಪೇರ್ಡ್ ದಿ ಫೋನ್’ ಅಂದರೆ ಸ್ಕ್ರೂ ಬಿಚ್ಚಿ ನೀವೇ ಕೂತು ಸರಿಮಾಡಿದಿರಿ ಅಂತ ಆಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಮಾಡಿಸಿದ್ದಕ್ಕೂ ಮಾಡಿದೆ ಅಂತಲೇ ಇಂಗ್ಲಿಷ್‌ನಲ್ಲಿ ಹೇಳಿಬಿಡುತ್ತಾರೆ, ಅಲ್ವಾ?

ಯಾರಿಂದ ಮಾಡಿಸಿದಿರಿ ಅಂತ ಹೇಳಬೇಕಾದರೆ ಆ ವ್ಯಕ್ತಿಯ ಹೆಸರನ್ನು ಗೆಟ್ ಪಕ್ಕ ಇಟ್ಟು ನಂತರ ‘ಟು’ ಹಾಕಿ: ‘ಐ ಗಾಟ್ ಹಿಮ್ ಟು ಸೈನ್ ಇಟ್’. ಇದರಲ್ಲಿ ಒಪ್ಪಿಸಿ ಮಾಡಿಸಿದ ಭಾವ ಇದೆ, ಸ್ವಲ್ಪ ಕಷ್ಟಪಟ್ಟೆ, ಕೊನೆಗೂ ಸಹಿ ಹಾಕಿಸಿಕೊಂಡೆ ಅನ್ನೋ ಹಾಗೆ. ‘ಐ ಮೇಡ್ ಹಿಮ್ ಸೈನ್ ಇಟ್’ ಅಂದರೆ ಬಲವಂತ. ‘ಐ ಹ್ಯಾಡ್ ಹಿಮ್ ಸೈನ್ ಇಟ್’ ಅಂದರೆ ಹೇಳಿದೆ, ಹಾಕಿದ, ಅಷ್ಟೇ. ಮೂರಕ್ಕೂ ನಾವು ‘ಸಹಿ ಹಾಕಿಸಿದೆ’ ಅಂದುಬಿಡಬಹುದು, ಇಂಗ್ಲಿಷ್‌ನಲ್ಲಿ ಮಾತ್ರ ಆರಿಸಿಕೊಳ್ಳಬೇಕು. ‘ಟು’ ಬರೋದು ಗೆಟ್ ಜೊತೆ ಮಾತ್ರ, ಮೇಕ್ ಮತ್ತು ಹ್ಯಾವ್ ಜೊತೆ ಬರೋದಿಲ್ಲ ಅನ್ನೋದನ್ನೂ ನೋಡಿಕೊಳ್ಳಿ.

ಗೆಟ್ ಆದ ತಕ್ಷಣವೇ ‘ಟು’, ಅದರ ಮುಂದೆ ಕ್ರಿಯಾಪದ ಬಂದರೆ ಇನ್ನೊಂದು ಲೋಕ. ಈ ಎರಡು ವಾಕ್ಯ ಪಕ್ಕ ಪಕ್ಕ ಇಟ್ಟು ನೋಡಿ. ‘ಐ ಗಾಟ್ ಟು ಸೀ ಹರ್’. ‘ಐ ಹ್ಯಾವ್ ಗಾಟ್ ಟು ಸೀ ಹರ್’. ಮೊದಲನೆಯದಕ್ಕೆ ಅವಳನ್ನು ನೋಡುವ ಅವಕಾಶ ಸಿಕ್ಕಿತು ಅಂತ ಅರ್ಥ, ಅದರಲ್ಲಿ ಖುಷಿ ಇದೆ. ಎರಡನೆಯದಕ್ಕೆ ಅವಳನ್ನು ನೋಡಲೇಬೇಕು ಅಂತ, ಅದರಲ್ಲಿ ಅವಸರ ಇದೆ. ತೊಂದರೆ ಏನೆಂದರೆ ಮಾತಿನ ಓಟದಲ್ಲಿ ‘ಹ್ಯಾವ್’ ಕುಗ್ಗಿ ಒಂದು ಸಣ್ಣ ‘ವ್’ ಆಗುತ್ತದೆ, ಎಷ್ಟೋ ಸಲ ಅದೂ ಉಳಿಯೋದಿಲ್ಲ, ‘ಗಾಟ್ ಟು’ ಸೇರಿ ‘ಗಾಟ’ ಅಂತ ಕೇಳುತ್ತದೆ. ಹಾಗೆ ಒಂದೇ ಪದವಾಗಿ ಅಂಟಿ ಕೇಳಿಸಿದರೆ ಸಾಮಾನ್ಯವಾಗಿ ‘ಲೇಬೇಕು’ ಅಂತ ತಿಳಿಯಿರಿ. ಆಗಿಹೋದ ಸಂಗತಿ ಹೇಳುತ್ತಿದ್ದರೆ ಅವಕಾಶ ಸಿಕ್ಕಿದ್ದು. ‘ವಿ ನೆವರ್ ಗೆಟ್ ಟು ಟಾಕ್’ ಅಂದರೆ ನಮಗೆ ಮಾತಾಡೋಕೆ ಸಮಯವೇ ಸಿಗುತ್ತಿಲ್ಲ, ಇದೂ ಅವಕಾಶದ ಗುಂಪು. ಇಲ್ಲೂ ‘ನಮಗೆ’ ಬಂತು ನೋಡಿ.

ಗೆಟ್ ಪಕ್ಕ ನೇರವಾಗಿ ಮೂರನೇ ರೂಪ ಬಂದರೆ, ಮಧ್ಯೆ ವಸ್ತು ಇಲ್ಲದಿದ್ದರೆ, ಕರ್ತೃವಿಗೇ ಏನೋ ಆಗಿದೆ ಅಂತ: ‘ಹಿ ಗಾಟ್ ಫೈರ್ಡ್’, ಅವನನ್ನು ಕೆಲಸದಿಂದ ತೆಗೆದರು. ‘ಶಿ ಗಾಟ್ ಹರ್ಟ್’, ಅವಳಿಗೆ ಪೆಟ್ಟಾಯಿತು. ‘ವಾಸ್ ಫೈರ್ಡ್’ ಅಂತಲೂ ಹೇಳಬಹುದು, ಆದರೆ ಗಾಟ್ ಹಾಕಿದಾಗ ಘಟನೆಯ ಹೊಡೆತ ಜಾಸ್ತಿ ಕೇಳಿಸುತ್ತದೆ. ಕೆಟ್ಟದ್ದಕ್ಕೇ ಇದನ್ನು ಹೆಚ್ಚು ಬಳಸುತ್ತಾರೆ, ಒಳ್ಳೆಯದಕ್ಕೂ ನಡೆಯುತ್ತದೆ, ‘ಗಾಟ್ ಪ್ರಮೋಟೆಡ್’ ಇದೆಯಲ್ಲ. ಗೊತ್ತಿರು, ಇಷ್ಟಪಡು ಇಂಥ ಸ್ಥಿತಿ ಹೇಳುವ ಕ್ರಿಯಾಪದಗಳ ಜೊತೆ ಮಾತ್ರ ಇದು ಹೊಂದೋದಿಲ್ಲ.

ಇನ್ನು ಅಪ್, ಆನ್, ಇನ್, ಓವರ್, ಬೈ ಇಂಥ ಪುಟ್ಟ ಪದ ಸೇರಿದಾಗ. ಇಲ್ಲಿ ಕಲಿಯುವವರು ಹೆದರೋದು ಸಹಜ, ಯಾಕಂದ್ರೆ ಇವು ತುಂಬಾ ಇವೆ. ಒಂದೇ ದಿನ ಎಲ್ಲ ಕಲಿಯೋ ಅಗತ್ಯ ಇಲ್ಲ. ಮೊದಲು ಚಲನೆಯವು ಹಿಡಿಯಿರಿ. ವಾಹನದೊಳಗೆ ನಿಂತು ಓಡಾಡಬಹುದಾದರೆ ‘ಗೆಟ್ ಆನ್’, ‘ಗೆಟ್ ಆಫ್’: ಬಸ್, ರೈಲು, ವಿಮಾನ, ಹಡಗು. ಬಗ್ಗಿ ಕೂರಬೇಕಾದರೆ ‘ಗೆಟ್ ಇನ್’, ‘ಗೆಟ್ ಔಟ್’: ಕಾರು, ಟ್ಯಾಕ್ಸಿ. ಸೈಕಲ್ಲು, ಕುದುರೆ ಮೇಲೆ ಹತ್ತಿ ಕೂರುವಂಥವು, ಅದಕ್ಕೆ ಮತ್ತೆ ಆನ್, ಆಫ್. ಭಾರತದಲ್ಲಿ ಬಸ್ಸಿನಿಂದ ‘ಗೆಟ್ ಡೌನ್’ ಅನ್ನೋದು ರೂಢಿ, ನಮ್ಮೊಳಗೆ ಯಾರಿಗೂ ತೊಂದರೆ ಇಲ್ಲ. ಬೇರೆ ದೇಶದವರ ಜೊತೆ ‘ಗೆಟ್ ಆಫ್’ ಅನ್ನಿ.

ಚಲನೆಯ ಅರ್ಥ ಕೂತರೆ ಉಳಿದವು ಅದರಿಂದಲೇ ಹೊರಡುತ್ತವೆ. ‘ಗೆಟ್ ಓವರ್’ ಅಂದರೆ ದಾಟೋದು, ಹಾಗಾಗಿ ಕಾಯಿಲೆಯಿಂದ, ದುಃಖದಿಂದ ಚೇತರಿಸಿಕೊಳ್ಳೋದೂ ಹೌದು. ‘ಗೆಟ್ ಥ್ರೂ’ ಅಂದರೆ ತೂರಿ ಆಚೆ ಬರೋದು, ಅದಕ್ಕೇ ಪರೀಕ್ಷೆ ಪಾಸಾಗೋದಕ್ಕೂ ಫೋನಿನಲ್ಲಿ ಲೈನ್ ಸಿಗೋದಕ್ಕೂ ಅದೇ. ‘ಗೆಟ್ ಬೈ’ ಅಂದರೆ ಹೇಗೋ ನಿಭಾಯಿಸೋದು, ‘ಗೆಟ್ ಅಲಾಂಗ್’ ಅಂದರೆ ಹೊಂದಿಕೊಂಡು ಹೋಗೋದು. ‘ಗೆಟ್ ಅವೇ’ ಅಂದರೆ ತಪ್ಪಿಸಿಕೊಳ್ಳೋದು, ಅದಕ್ಕೆ ‘ವಿತ್’ ಸೇರಿದರೆ ತಪ್ಪು ಮಾಡಿಯೂ ದಕ್ಕಿಸಿಕೊಳ್ಳೋದು. ‘ಗೆಟ್ ಓವರ್ ಇಟ್’ ಮತ್ತು ‘ಗೆಟ್ ಇಟ್ ಓವರ್ ವಿತ್’ ಕಲಸಿಕೊಳ್ಳಬೇಡಿ. ಮೊದಲನೆಯದು ಅದನ್ನು ಮರೆತು ಮುಂದೆ ಹೋಗು ಅಂತ, ನೋವಲ್ಲಿ ಇರುವವರಿಗೆ ಹೇಳಿದರೆ ಒರಟಾಗುತ್ತದೆ. ಎರಡನೆಯದು ಬೇಡದ ಕೆಲಸವನ್ನು ಬೇಗ ಮುಗಿಸಿ ಕೈ ತೊಳೆದುಕೊಳ್ಳೋದು.

ಪದ ಎಲ್ಲಿಂದ ಬಂತು ಅಂತ ತಿಳಿದರೂ ಸ್ವಲ್ಪ ಅನುಕೂಲ. ಇದು ಹಳೆಯ ನಾರ್ಸ್ ಭಾಷೆಯ ‘ಗೆಟ’ ಅನ್ನೋ ಪದ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಮಾತಿನಿಂದ ಇಂಗ್ಲಿಷ್‌ಗೆ ಸೇರಿತು, ಸುಮಾರು 1200ರ ಹೊತ್ತಿನಿಂದ ಬರವಣಿಗೆಯಲ್ಲಿ ಕಾಣುತ್ತದೆ. ಪಡೆ, ಕೈಗೆ ಸಿಗು ಅನ್ನೋದೇ ಮೂಲ ಅರ್ಥ, ಮೇಲೆ ಹೇಳಿದ ‘ನನಗೆ ಬಂತು’ ಲೆಕ್ಕ ಹೊಂದೋದು ಅದಕ್ಕೇ. ‘ಫರ್ಗೆಟ್’ ಒಳಗಿನ ಗೆಟ್ ಕೂಡ ಅದೇ ಬಳಗದ್ದು.

ಅಮೆರಿಕದಲ್ಲಿ ‘ಗಾಟನ್’ ಅಂತ ಇನ್ನೊಂದು ರೂಪ ಕೇಳುತ್ತೀರಿ. ಅದು ತಪ್ಪಲ್ಲ, ಹಳೆಯ ರೂಪ, ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಬಿದ್ದುಹೋಗಿ ಅಮೆರಿಕದಲ್ಲಿ ಉಳಿದಿದೆ. ಅಲ್ಲಿನವರು ಎರಡನ್ನೂ ಬಳಸುತ್ತಾರೆ: ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ನನ್ನ ಹತ್ತಿರ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೀನಿ. ನೀವು ಯಾವುದಾದರೂ ಒಂದು ಕಡೆಯದನ್ನು ಹಿಡಿದು ಅದನ್ನೇ ಬಳಸಿ.

ಬರೆಯುವಾಗ ಗೆಟ್ ಎಷ್ಟು ಇರಬೇಕು? ಸ್ನೇಹಿತರಿಗೆ ಕಳಿಸುವ ಮೆಸೇಜಿನಲ್ಲಿ ಎಷ್ಟಿದ್ದರೂ ಚೆನ್ನ. ಅರ್ಜಿ, ವರದಿ, ಆಫೀಸಿನ ಗಂಭೀರ ಪತ್ರದಲ್ಲಿ ಕಡಿಮೆ ಮಾಡಿ, ಸಿಕ್ಕಿತು ಅನ್ನೋ ಕಡೆ ‘ರಿಸೀವ್’, ಆಯಿತು ಅನ್ನೋ ಕಡೆ ‘ಬಿಕಮ್’, ತಲುಪಿದೆ ಅನ್ನೋ ಕಡೆ ‘ಅರೈವ್’ ಹಾಕಿ. ಆದರೆ ಮಾತಿನಲ್ಲಿ ಹೀಗೆ ಬದಲಾಯಿಸಲು ಹೋಗಬೇಡಿ. ‘ಐ ರಿಸೀವ್ಡ್ ಎ ಕೋಲ್ಡ್’ ಅಂದರೆ ಕೇಳುವವರಿಗೆ ವಿಚಿತ್ರ ಅನಿಸುತ್ತದೆ.

ಅಭ್ಯಾಸಕ್ಕೆ ಯಾರೋ ಇಬ್ಬರು ಸುಮ್ನೆ ಹರಟೆ ಹೊಡೆಯುವ ಒಂದು ಇಂಗ್ಲಿಷ್ ಸಂಭಾಷಣೆ ತಗೊಳ್ಳಿ, ಭಾಷಣ ಬೇಡ, ಅದರಲ್ಲಿ ಗೆಟ್ ಕಡಿಮೆ. ಬಂದ ಕಡೆಯೆಲ್ಲ ನಿಲ್ಲಿಸಿ, ಮುಂದಿನ ಪದ ನೋಡಿ, ಕನ್ನಡದಲ್ಲಿ ನೀವಾಗಿದ್ದರೆ ಏನನ್ನುತ್ತಿದ್ದಿರಿ ಅಂತ ಜೋರಾಗಿ ಹೇಳಿ. ಕಿವಿಗೆ ಗೆಟ್ ಬೀಳುತ್ತಲೇ ಇಲ್ಲ ಅನಿಸಿದರೆ ಅದಕ್ಕೂ ಕಾರಣ ಇದೆ. ಅಮೆರಿಕನ್ನರ ಬಾಯಲ್ಲಿ ಎರಡು ಸ್ವರಗಳ ನಡುವಿನ ‘ಟ’ ಮೆತ್ತಗಾಗಿ ನಮ್ಮ ಕಿವಿಗೆ ‘ಡ’ ಥರ ಕೇಳುತ್ತದೆ. ಹಾಗಾಗಿ ‘ಗೆಟ್ ಅಪ್’ ಅನ್ನೋದು ‘ಗೆಡಪ್’, ‘ಗೆಟ್ ಔಟ್’ ಅನ್ನೋದು ‘ಗೆಡೌಟ್’, ‘ಗಾಟ್ ಇಟ್’ ಅನ್ನೋದು ‘ಗಾಡಿಟ್’ ಆಗಿರುತ್ತದೆ. ಹುಡುಕಬೇಕಾದ್ದು ಆ ‘ಡ’ವನ್ನು.