ಬೆರಳು ತಾಗಿದರೆ ಸದ್ದು

ಕಲಾವಿದರಿಗೆ ಕೆಲವು ವಾರ ಇದ್ದು ಕೆಲಸ ಮಾಡಲು ಜಾಗ ಕೊಡುವ ರೆಸಿಡೆನ್ಸಿಗಳ ಅರ್ಜಿ ಫಾರ್ಮಿನಲ್ಲಿ ಮೂರನೆಯ ಪ್ರಶ್ನೆಗೇ ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ‘ನಿಮ್ಮ ಕಲಾ ವಿಭಾಗ ಯಾವುದು?’ ಕೆಳಗೆ ಸಾಲಾಗಿ ಚೌಕಗಳು. ದೃಶ್ಯಕಲೆ, ಸಂಗೀತ, ಸಾಹಿತ್ಯ, ರಂಗಭೂಮಿ, ಸಿನಿಮಾ. ನಾನು ಮಾಡುವುದು ಮುಟ್ಟಿದರೆ ಸದ್ದು ಬರುವ ಬಟ್ಟೆ. ನೇಯುವಾಗ ಹತ್ತಿ ನೂಲಿನ ನಡುವೆ ವಿದ್ಯುತ್ ಹರಿಯುವ ನೂಲನ್ನೂ ಸೇರಿಸುತ್ತೇನೆ. ಬೆರಳು ಹತ್ತಿರ ಬಂದರೆ ಆ ನೂಲಿನ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಶಕ್ತಿ, ಸ್ವಲ್ಪ ಬದಲಾಗುತ್ತದೆ. ಮೈಕ್ರೋಕಂಟ್ರೋಲರ್ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಚಿಪ್ ಅದನ್ನು ಅಳೆಯುತ್ತದೆ, ನಾನು ರೆಕಾರ್ಡ್ ಮಾಡಿಟ್ಟ ಸದ್ದನ್ನು ಬಿಡುತ್ತದೆ. ಇದಕ್ಕೆ ಯಾವ ಚೌಕ?

ಮೊದಲ ವರ್ಷ ನಾಲ್ಕು ರೆಸಿಡೆನ್ಸಿಗಳಿಗೆ ಅರ್ಜಿ ಹಾಕಿದೆ. ಎರಡು ಕಡೆ ದೃಶ್ಯಕಲೆ ಅಂದೆ, ಎರಡು ಕಡೆ ಸಂಗೀತ ಅಂದೆ. ನಾಲ್ಕೂ ಕಡೆ ಇಲ್ಲ ಅಂದರು. ಯಾಕೆ ಇಲ್ಲ ಅಂತ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಒಂದು ಕಡೆಯವರು ಮಾತ್ರ ಒಂದು ಸಾಲು ಬರೆದಿದ್ದರು. ನೇಯ್ಗೆ ಚೆನ್ನಾಗಿದೆ, ಸಂಗೀತ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ನನ್ನ ಪೋರ್ಟ್‌ಫೋಲಿಯೊ ಹಾಗೇ ಇತ್ತು. ಹತ್ತು ಫೋಟೊಗಳಲ್ಲಿ ಬಟ್ಟೆ. ಬೇರೆ ಫೈಲಿನಲ್ಲಿ ಸದ್ದು. ಬಟ್ಟೆಗೂ ಸದ್ದಿಗೂ ನಡುವೆ ಇರಬೇಕಾದ ಕೈ ಎಲ್ಲೂ ಇರಲಿಲ್ಲ.

ಅಂತರಶಿಸ್ತೀಯ, ಅಂದರೆ ಒಂದಕ್ಕಿಂತ ಹೆಚ್ಚು ಕಲೆಗಳನ್ನು ಬೆಸೆದ, ಅನ್ನುವ ಪದ ನನಗೆ ಇವತ್ತಿಗೂ ಇಷ್ಟವಿಲ್ಲ. ಯಾರೋ ಶಿಸ್ತಿಲ್ಲದವನು ಅಂತ ಬೈದ ಹಾಗೆ ಕೇಳುತ್ತದೆ. ಆದರೆ ಕೆಲವು ರೆಸಿಡೆನ್ಸಿಗಳಲ್ಲಿ ಅದಕ್ಕೇ ಒಂದು ಚೌಕ ಇರುತ್ತದೆ. ಅಮೆರಿಕದ ಮ್ಯಾಕ್‌ಡೊವೆಲ್‌ನಲ್ಲಿ ಸಂಗೀತ ರಚನೆ, ಸಾಹಿತ್ಯ, ವಾಸ್ತುಶಿಲ್ಪದ ಪಕ್ಕದಲ್ಲೇ ಇದೂ ಒಂದು ವಿಭಾಗ. ಆ ಚೌಕ ಕಂಡ ತಕ್ಷಣ ಖುಷಿಯಲ್ಲಿ ಟಿಕ್ ಹಾಕಬೇಡಿ. ಕವಿತೆಯನ್ನೂ ಬರೆಯುತ್ತೇನೆ, ಚಿತ್ರವನ್ನೂ ಬಿಡಿಸುತ್ತೇನೆ ಅನ್ನುವವರಿಗೆ ಅದಲ್ಲ. ನಾನು ಈಗ ಒಂದೇ ಪರೀಕ್ಷೆ ಮಾಡುತ್ತೇನೆ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುತ್ತದಾ? ನಿಂತರೆ ಅದು ಎರಡು ಕೆಲಸ. ಬಿದ್ದರೆ ಆ ಚೌಕ ನಮ್ಮದು.

ಎರಡನೆಯ ವರ್ಷ ಎಲ್ಲ ಫೋಟೊಗಳನ್ನೂ ಪಕ್ಕಕ್ಕಿಟ್ಟು ಒಂದು ವಿಡಿಯೊ ಮಾಡಿದೆ. 1 ನಿಮಿಷ 40 ಸೆಕೆಂಡ್, ಎಡಿಟಿಂಗ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ನೋಡುವವರ ಮುಂದೆ ಇನ್ನೂ ರಾಶಿ ಅರ್ಜಿಗಳು ಕಾಯುತ್ತಿರುತ್ತವೆ, ಹಾಗಾಗಿ ಹತ್ತನೆಯ ಸೆಕೆಂಡಿಗೇ ಕೈ ಬಟ್ಟೆಗೆ ತಾಗುವ ಹಾಗೆ ನೋಡಿಕೊಂಡೆ. ಮಧ್ಯದಲ್ಲಿ ಒಂದು ಸಲ ಸದ್ದು ಬರಲಿಲ್ಲ. ಅದನ್ನೂ ಬಿಟ್ಟೆ. ಬರವಣಿಗೆಯಲ್ಲೂ ಕತ್ತರಿ ಆಡಿಸಿದೆ. ಮೊದಲು ‘ನನ್ನ ಕೆಲಸ ಸ್ಪರ್ಶ ಮತ್ತು ಶ್ರವಣದ ನಡುವಿನ ಸಂಬಂಧವನ್ನು ಶೋಧಿಸುತ್ತದೆ’ ಅಂತ ಶುರುವಾಗುತ್ತಿತ್ತು. ಸುಮ್ನೆ ಗಾಳಿ ಮಾತು. ಅದರ ಜಾಗದಲ್ಲಿ ‘ಒಂದು ಬಟ್ಟೆ ಒಬ್ಬರ ಕೈಯನ್ನು ನೆನಪಿಟ್ಟುಕೊಳ್ಳಬಹುದಾ ಅಂತ ನೋಡಬೇಕು, ಅದಕ್ಕೆ ಆರು ವಾರ ಬೇಕು’ ಅಂತ ಬರೆದೆ. ಏನು ಮಾಡುತ್ತೇನೆ, ಎಷ್ಟು ದಿನ, ಯಾವ ಉಪಕರಣ, ಎಷ್ಟು ಉದ್ದದ ಮೇಜು. ಅಷ್ಟೇ.

ಎಲ್ಲಿಗೆ ಅರ್ಜಿ ಹಾಕಬೇಕು ಅನ್ನುವುದರಲ್ಲೂ ಮೊದಲ ವರ್ಷ ತಪ್ಪಿದ್ದೆ. ಹೆಸರು ನೋಡಿ ಹಾಕಿದ್ದೆ. ರೆಸಿಡೆನ್ಸಿ ಅಂದರೆ ಎಲ್ಲವೂ ಒಂದೇ ಅಲ್ಲ. ಹಳೆಯ ಮಾದರಿಯವು ಏಕಾಂತ ಕೊಡುತ್ತವೆ. 1907ರಲ್ಲಿ ಸಂಗೀತಗಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಅವರ ಹೆಂಡತಿ ಮೇರಿಯನ್ ಶುರು ಮಾಡಿದ ಜಾಗದಲ್ಲಿ ಕಾಡಿನ ನಡುವೆ ಬಿಡಿಬಿಡಿಯಾಗಿ ಸ್ಟುಡಿಯೊಗಳಿವೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಹತ್ತಿರ ಇಟ್ಟು ಹೋಗುತ್ತಾರೆ, ಕೆಲಸಕ್ಕೆ ತೊಂದರೆ ಆಗದಿರಲಿ ಅಂತ. 1926ರಿಂದ ಕಲಾವಿದರನ್ನು ಕರೆಯುತ್ತಿರುವ, ಅಮೆರಿಕದ್ದೇ ಇನ್ನೊಂದು ರೆಸಿಡೆನ್ಸಿ ಯಾಡೊದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮೌನದ ಹೊತ್ತು. ಬರೆಯುವವರಿಗೆ ಸ್ವರ್ಗ. ದಿನವಿಡೀ ಒಂದೇ ‘ಟಕ್’ ಸದ್ದನ್ನು ಇನ್ನೂರು ಸಲ ಹಾಕಿ ಕೇಳುವ ನನ್ನಂಥವನನ್ನು ಅಕ್ಕಪಕ್ಕದವರು ಸಹಿಸುತ್ತಾರಾ?

ಇನ್ನೊಂದು ಬಗೆಯಲ್ಲಿ ಕಲಾವಿದರನ್ನು ಬೇರೆ ಕಸುಬಿನವರ ನಡುವೆ ಬಿಡುತ್ತಾರೆ. 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆರ್ಟಿಸ್ಟ್ ಪ್ಲೇಸ್‌ಮೆಂಟ್ ಗ್ರೂಪ್ ಕಲಾವಿದರನ್ನು ಕಾರ್ಖಾನೆ, ಸರ್ಕಾರಿ ಇಲಾಖೆಗಳಿಗೆ ಕಳಿಸುತ್ತಿತ್ತು. ಕೊನೆಗೆ ಇಂಥದ್ದೇ ಮಾಡಿ ಕೊಡಬೇಕು ಅನ್ನುವ ಕಟ್ಟು ಇರಲಿಲ್ಲ. ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1977ರಿಂದ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆ. ಸುಮಾರು 8,500 ಕಾರ್ಮಿಕರ ಕೈ ಕುಲುಕಿ ಧನ್ಯವಾದ ಹೇಳಿದ್ದೇ ಅವರ ಒಂದು ಕಲಾಕೃತಿ. ಭೌತವಿಜ್ಞಾನದ ಪ್ರಯೋಗಾಲಯವಾದ ಸರ್ನ್‌ನಲ್ಲಿ 2011ರಿಂದ ಕಲಾವಿದರ ರೆಸಿಡೆನ್ಸಿ ಇದೆ. ಇವುಗಳ ಬೇರು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು 1966ರ ಅಕ್ಟೋಬರ್. ಅದು ರೆಸಿಡೆನ್ಸಿ ಅಲ್ಲ. ಹತ್ತು ಜನ ಕಲಾವಿದರು, ಅಮೆರಿಕದ ದೂರವಾಣಿ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನ ಮೂವತ್ತು ಎಂಜಿನಿಯರುಗಳು ಸೇರಿ ನ್ಯೂಯಾರ್ಕಿನಲ್ಲಿ ಒಂಬತ್ತು ರಾತ್ರಿ ಪ್ರದರ್ಶನ ಮಾಡಿದ್ದು. ನನಗೆ ಬೇಕಾಗಿದ್ದು ಅಂಥದ್ದು. ಕೆಟ್ಟುಹೋದಾಗ ಕರೆಯಲು ಯಾರಾದರೂ ಪಕ್ಕದಲ್ಲಿ ಇರಬೇಕು.

ಹಾಗಾಗಿ ಈ ಸಲ ಅರ್ಜಿಗೆ ಮುಂಚೆ ಇಮೇಲ್ ಕಳಿಸಿದೆ. ಎಷ್ಟು ಹೊತ್ತಿನವರೆಗೆ ಸದ್ದು ಮಾಡಬಹುದು? ಸ್ಟುಡಿಯೊದ ಪ್ಲಗ್‌ಗೆ ಸರಿಯಾದ ಅರ್ಥಿಂಗ್ ಇದೆಯಾ? ಮಗ್ಗ ಒಳಗೆ ಬರುವಷ್ಟು ಬಾಗಿಲು ಅಗಲ ಇದೆಯಾ? ಕೊನೆಯಲ್ಲಿ ಪ್ರದರ್ಶನ ಕಡ್ಡಾಯವಾ? ಹೀಗೆ ಕೇಳಿದರೆ ತಲೆಹರಟೆ ಅಂದುಕೊಳ್ಳುತ್ತಾರೆ ಅಂತ ಹೆದರಿದ್ದೆ. ಎಲ್ಲರೂ ಉತ್ತರ ಬರೆದರು. ಅವುಗಳಲ್ಲಿ ಒಂದು ಕಡೆ ಆರು ವಾರ ಸಿಕ್ಕಿತು. ಏಳು ಜನ, ಏಳು ಥರದ ಕೆಲಸ, ಒಂದು ಎಲೆಕ್ಟ್ರಾನಿಕ್ಸ್ ಮೇಜು.

ಹೋದ ಮೂರನೆಯ ದಿನವೇ ಬಟ್ಟೆಗೆ ಹುಚ್ಚು ಹಿಡಿಯಿತು. ಯಾರೂ ಮುಟ್ಟದೆ ಸದ್ದು. ಮುಟ್ಟಿದರೆ ಮೌನ. ಮನೆಯಲ್ಲಿ ಪಾಪದ ಹಾಗೆ ಇದ್ದ ಬಟ್ಟೆ ಇದೇನಾ ಅನ್ನಿಸಿತು. ಕಾರಣ ಎರಡಿದ್ದವು. ಅಲ್ಲಿಯ ಗಾಳಿಯಲ್ಲಿ ತೇವ ಜಾಸ್ತಿ. ಹತ್ತಿ ತೇವ ಹೀರಿದರೆ ನೂಲಿನ ಅಳತೆಯೇ ಮೇಲೆ ಸರಿಯುತ್ತದೆ, ಮುಟ್ಟದಿದ್ದರೂ ಮುಟ್ಟಿದ ಹಾಗೆ ಕಾಣುತ್ತದೆ. ಎರಡನೆಯದು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು. ಚಾರ್ಜರ್ ಹಾಕಿ ಭೂಮಿಗೆ ಸಂಪರ್ಕ ಸಿಕ್ಕಾಗ ಮಾತ್ರ ಸೆನ್ಸರ್‌ಗೆ ಬೆರಳು ಸರಿಯಾಗಿ ಕಾಣುತ್ತಿತ್ತು. ಇದನ್ನು ಕಂಡುಹಿಡಿಯಲು ಒಂದು ವಾರ ಹೋಯಿತು. ತಂತ್ರಜ್ಞರು ಪ್ರತಿದಿನ ಇರುತ್ತಾರೆ ಅಂತ ಹೇಳಿದ್ದರು. ಬರುತ್ತಿದ್ದದ್ದು ವಾರಕ್ಕೆ ಎರಡು ದಿನ, ಅದೂ ಪ್ರೊಜೆಕ್ಟರ್ ರಿಪೇರಿಗೇ ಹೋಗುತ್ತಿತ್ತು. ಆರು ವಾರ ಅಂದರೆ ಕೈಗೆ ಸಿಗುವುದು ನಾಲ್ಕೇ. ಈಗ ನಾನು ಯೋಜನೆಯನ್ನು ನಾಲ್ಕು ವಾರಕ್ಕೇ ಬರೆಯುತ್ತೇನೆ.

ತೇವದ ಕಾಟಕ್ಕೆ ಪರಿಹಾರ ಕೋಡ್‌ನಲ್ಲಿ ಮಾಡಿದೆ. ಯಾರೂ ಮುಟ್ಟದಾಗಿನ ಅಳತೆಯನ್ನು ಒಂದೇ ಸಲ ತೆಗೆದುಕೊಂಡು ಕೂರುವ ಬದಲು, ನಿಧಾನವಾಗಿ ಬದಲಾಗುತ್ತಾ ಇರುವ ಸರಾಸರಿ ಇಟ್ಟೆ. ಗಾಳಿ ಬದಲಾದರೆ ಅದೂ ಜೊತೆಗೆ ಸರಿಯುತ್ತದೆ. ಕೆಲಸ ಮಾಡಿತು. ಆದರೆ ಇನ್ನೊಂದು ತಲೆನೋವು ಶುರುವಾಯಿತು. ಯಾರಾದರೂ ಕೈಯನ್ನು ಅಲ್ಲಾಡಿಸದೆ ಇಟ್ಟರೆ ಸರಾಸರಿ ಆ ಕೈಯನ್ನೂ ನುಂಗಿಬಿಡುತ್ತಿತ್ತು. ಅರ್ಧ ನಿಮಿಷದಲ್ಲಿ ಸದ್ದು ಕರಗಿ ಹೋಗುತ್ತಿತ್ತು. ಇದನ್ನು ಸರಿಮಾಡಲು ಇನ್ನೂ ನಾಲ್ಕು ದಿನ ತಲೆ ಚಚ್ಚಿಕೊಂಡೆ.

ಪಕ್ಕದ ಸ್ಟುಡಿಯೊದಲ್ಲಿ ಒಬ್ಬ ನೃತ್ಯಗಾತಿ ಇದ್ದಳು. ಒಂದು ಸಂಜೆ ಬಂದು ಬಟ್ಟೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಸದ್ದು ಎಂದಿನಂತೆ ಕರಗಿತು. ‘ಕ್ಷಮಿಸು, ಇದೊಂದು ಬಗ್’ ಅಂದೆ. ‘ಬಗ್ ಯಾಕೆ? ಅದು ನನ್ನ ಕೈಗೆ ಒಗ್ಗಿಕೊಳ್ತಾ ಇದೆ ಅಲ್ವಾ?’ ಅಂದಳು. ಆಮೇಲೆ ಕೈ ಎತ್ತಿದಳು. ಸರಾಸರಿಯಲ್ಲಿ ಅವಳ ಕೈ ಇನ್ನೂ ಕೂತಿತ್ತು. ಹಾಗಾಗಿ ಕೈ ಹೋದ ಮೇಲೂ ಸ್ವಲ್ಪ ಹೊತ್ತು ಆ ಜಾಗ ಬೇರೆಯವರ ಮುಟ್ಟುವಿಕೆಗೆ ಓಗೊಡಲಿಲ್ಲ. ಅರ್ಜಿಯಲ್ಲಿ ಬಟ್ಟೆ ಕೈಯನ್ನು ನೆನಪಿಟ್ಟುಕೊಳ್ಳಬಹುದಾ ಅಂತ ಬರೆದಿದ್ದೆ. ಅದು ಆಗಲೇ ನೆನಪಿಟ್ಟುಕೊಳ್ಳುತ್ತಿತ್ತು, ನಾನು ಅದನ್ನು ಅಳಿಸಲು ನಾಲ್ಕು ದಿನ ಹೋರಾಡಿದ್ದೆ.

ಉಳಿದ ದಿನಗಳಲ್ಲಿ ಹೊಸದೇನೂ ನೇಯಲಿಲ್ಲ. ನಾನೂ ಆ ನೃತ್ಯಗಾತಿಯೂ ಸರಾಸರಿಯ ವೇಗವನ್ನೇ ಹೆಚ್ಚು ಕಡಿಮೆ ಮಾಡುತ್ತಾ ಕೂತೆವು. ಬಟ್ಟೆ ಎಂಟು ಸೆಕೆಂಡಿಗೆ ಒಗ್ಗಿಕೊಂಡರೆ ಅವಳ ಚಲನೆ ಗಡಿಬಿಡಿ ಆಗುತ್ತಿತ್ತು. ಎರಡು ನಿಮಿಷ ಕೊಟ್ಟರೆ ನೋಡುವವರು ಎದ್ದು ಹೋಗುತ್ತಿದ್ದರು. ನಲವತ್ತು ಸೆಕೆಂಡಿನ ಹತ್ತಿರ ಏನೋ ಇತ್ತು. ಬರಿಗಾಲಲ್ಲಿ ನೆಲದ ಮೇಲೆ ನಿಂತರೆ ಸೆನ್ಸರ್ ಚುರುಕು, ದಪ್ಪ ಅಟ್ಟೆಯ ಶೂ ಹಾಕಿದರೆ ಮಂಕು. ಅದನ್ನು ಕಂಡುಕೊಂಡದ್ದೂ ಅವಳೇ. ಸಂಗೀತ ರಚಿಸುತ್ತಿದ್ದ ಇನ್ನೊಬ್ಬರು ನನ್ನ ಸದ್ದುಗಳೆಲ್ಲ ಬಾಗಿಲು ಬಡಿದ ಹಾಗೆ ಶುರುವಾಗುತ್ತವೆ ಅಂದರು. ಬೇಜಾರಾಯಿತು. ಅವರು ಹೇಳಿದ್ದು ಸರಿ ಇತ್ತು.

ಓಪನ್ ಸ್ಟುಡಿಯೊ, ಅಂದರೆ ಜನ ಬಂದು ನಮ್ಮ ಕೆಲಸ ನೋಡುವ ದಿನದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಮುಂಚೆ ಹೇಳಿದ ತಾರೀಖಿಗಿಂತ ಐದು ದಿನ ಮೊದಲೇ ಇಟ್ಟರು, ಜನ ಬಂದರು, ಮಕ್ಕಳಿಗೆ ಇಷ್ಟ ಆಯಿತು.

ಹೊರಡುವ ಮುಂಚೆ ಮಾಡಿದ ಒಂದು ಕೆಲಸ ಮಾತ್ರ ಇನ್ನೂ ಮೊದಲೇ ಮಾಡಬೇಕಿತ್ತು. ನಾನೂ ನೃತ್ಯಗಾತಿಯೂ ಕೂತು ಒಂದು ಪುಟದ ಒಪ್ಪಂದ ಬರೆದೆವು. ಯಾರ ಹೆಸರು ಎಲ್ಲಿ ಬರಬೇಕು, ಒಬ್ಬರಿಲ್ಲದೆ ಇನ್ನೊಬ್ಬರು ಪ್ರದರ್ಶನ ಮಾಡಬಹುದಾ, ದುಡ್ಡು ಬಂದರೆ ಹೇಗೆ ಹಂಚಿಕೊಳ್ಳುವುದು. ಸ್ನೇಹ ಇದೆಯಲ್ಲ, ಕಾಗದ ಯಾಕೆ ಅಂತ ನನಗೆ ಅನ್ನಿಸಿತ್ತು. ಬರೆಯಲು ಕೂತಾಗ ಮೊದಲ ಪ್ರಶ್ನೆಯಲ್ಲೇ ಇಬ್ಬರ ಲೆಕ್ಕ ಬೇರೆ ಬೇರೆ ಇತ್ತು. ಎರಡು ಗಂಟೆ ವಾದ ಮಾಡಿದೆವು. ಕೊನೆಗೆ ಕೋಡ್ ನನ್ನ ಹತ್ತಿರ, ಬಟ್ಟೆ ಅವಳ ಹತ್ತಿರ ಅಂತಾಯಿತು.

ಹೋದ ತಿಂಗಳು ಅವಳಿಂದ ಮೆಸೇಜ್ ಬಂತು. ಬಟ್ಟೆಯನ್ನು ಮೂರು ಸಲ ಒಗೆದಿದ್ದಾಳೆ, ಎಡಗಡೆಯ ಎರಡು ಎಳೆಗಳು ಮಾತಾಡುತ್ತಿಲ್ಲ. ಅವು ಬೆಳ್ಳಿ ಲೇಪದ ನೂಲು, ಒಗೆದಂತೆಲ್ಲ ಲೇಪ ಹೋಗುತ್ತದೆ. ಸ್ಟೀಲಿನದು ಕಳಿಸುತ್ತೇನೆ ಅಂದಿದ್ದೇನೆ. ಅದನ್ನು ಹಳೆಯ ನೇಯ್ಗೆಯೊಳಗೆ ಸೂಜಿಯಿಂದ ತೂರಿಸುವುದು ಹೇಗೆ ಅಂತ ವಿಡಿಯೊ ಮಾಡಬೇಕು.